ಕಡಲಿಗೆ ಬೆನ್ನು ಹಾಕಬೇಡಿ: ಪಾಯಿಂಟ್ ಲೋಬೋಸ್ ಕುರಿತು ಓದುಗರ ಪ್ರಶ್ನೆಗಳು

ಕಳೆದ ತಿಂಗಳ ಅಂಕಣದಲ್ಲಿ ಕ್ಯಾಲಿಫೋರ್ನಿಯಾದ ಕಡಲಂಚಿನ ಪಾಯಿಂಟ್ ಲೋಬೋಸ್ ಎಂಬ ರಕ್ಷಿತ ಪ್ರದೇಶದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಕಾಗದ ಬೇರಾವುದಕ್ಕೂ ಬಂದಿಲ್ಲ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟಿರುವ ಅಪ್ಪ ಅಮ್ಮಂದಿರೇ ಹೆಚ್ಚು ಬರೆದಿದ್ದಾರೆ. ನಾನು ಕುಮಟಾ ಕಡೆಯವಳು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸ್ಯಾನ್ ಹೋಸೆಯ ಮಗಳ ಮನೆಗೆ ಹೋದಾಗಲೆಲ್ಲ ಈ ಜಾಗಕ್ಕೆ ಹೋಗಿದ್ದೇನೆ, ಇಪ್ಪತ್ತಕ್ಕೂ ಹೆಚ್ಚು ಸಲ. ನಡೆದು, ಕೂತು, ನೆನೆದು ತಿಳಿದದ್ದನ್ನು ಹೇಳುತ್ತೇನೆ.

ಪ್ರಶ್ನೆ: ಮೇಡಂ, ನನಗೆ 66 ವರ್ಷ. ಮಗಳು ಸನಿವೇಲ್‌ನಲ್ಲಿದ್ದಾಳೆ. ಆಗಸ್ಟ್ ಕೊನೆಗೆ ಹೋಗಿ ಕೆಲವು ತಿಂಗಳು ಇರುತ್ತೇವೆ. ಎರಡೂ ಮಂಡಿ ಸವೆದಿವೆ ಅಂದಿದ್ದಾರೆ ಡಾಕ್ಟರು. ಅಳಿಯ ನಿಮ್ಮ ಬರಹ ಓದಿ, ಅಲ್ಲಿಗೆ ಹೈಕಿಂಗ್‌ಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾರೆ. ಆ ಶಬ್ದ ಕೇಳಿದರೇ ಭಯ. ನಾನು ಕಾರಲ್ಲೇ ಕೂತಿರಬೇಕೇ? — ಹಾಸನದ ಓದುಗರು

ಖಂಡಿತ ಬೇಡ ಅಮ್ಮ. ಅಲ್ಲಿನ ಕಾಲುದಾರಿಗಳು ಚಿಕ್ಕ ಚಿಕ್ಕವು. ಎಲ್ಲವನ್ನೂ ಸೇರಿಸಿ ಸುತ್ತಿದರೆ ಅದು ದೊಡ್ಡ ನಡಿಗೆ, ಒಂದೊಂದನ್ನೇ ಹಿಡಿದರೆ ದೇವಸ್ಥಾನಕ್ಕೆ ನಾಲ್ಕು ಸುತ್ತು ಬಂದಷ್ಟು. ಸೀ ಲಯನ್ ಪಾಯಿಂಟ್ ದಾರಿ ಹೋಗಿ ಬರಲು ಸುಮಾರು ಒಂದು ಕಿಲೋಮೀಟರು. ಸೈಪ್ರೆಸ್ ಗ್ರೋವ್ ಸುತ್ತು ಒಂದೂಕಾಲು ಕಿಲೋಮೀಟರಿಗಿಂತ ತುಸು ಹೆಚ್ಚು. ಇದರಲ್ಲಿ ಕಲ್ಲುಗಳ ನಡುವೆ ಅಲ್ಲಲ್ಲಿ ಮೆಟ್ಟಿಲುಗಳಿವೆ, ನಿಧಾನವಾಗಿ ಹತ್ತಬಹುದು. ಲೇಸ್ ಲೈಕನ್ ಎಂಬ ದಾರಿ ಪೈನ್ ಮರಗಳ ನೆರಳಲ್ಲಿ ಸಮತಟ್ಟಾಗಿ ಸಾಗುತ್ತದೆ. ಮಂಡಿಗೆ ನೋವಾಗುವುದು ಇಳಿಯುವಾಗ, ಹಾಗಾಗಿ ಗಿಬ್ಸನ್ ಬೀಚಿನ ಮರಳಿಗೆ ಇಳಿಯುವ ಉದ್ದ ಮೆಟ್ಟಿಲುಗಳನ್ನು ಬಿಟ್ಟುಬಿಡಿ. ಮೇಲಿನಿಂದಲೇ ಅದು ಚೆನ್ನ.

ನಮ್ಮವರಿಗೂ ಮಂಡಿ ನೋವು. ನಾವು ಮಾಡುವುದು ಹೀಗೆ: ಒಳಗಿನ ಡಾಂಬರು ರಸ್ತೆ ದಕ್ಷಿಣದ ದಂಡೆಯನ್ನು ಒತ್ತಿಕೊಂಡೇ ಹೋಗುತ್ತದೆ. ವೆಸ್ಟನ್ ಬೀಚ್ ಹತ್ತಿರ ಕಾರು ನಿಲ್ಲಿಸಿದರೆ ಬಾಗಿಲು ತೆಗೆಯುವುದರೊಳಗೆ ಕಡಲು ಕಣ್ಣೆದುರು. ಅವರು ಅಲ್ಲಿ ಕೂರುತ್ತಾರೆ, ನಾನು ಅಷ್ಟರಲ್ಲಿ ನಡೆದು ಬರುತ್ತೇನೆ. ಎಷ್ಟೋ ಸಲ ನನಗಿಂತ ಹೆಚ್ಚು ಕಂಡವರು ಅವರೇ. ಒಮ್ಮೆ ನಾನು ಮೂರು ದಾರಿ ಮುಗಿಸಿ ಏದುಸಿರು ಬಿಡುತ್ತ ಬಂದರೆ, ಅವರು ಒಂದೇ ಕಡೆ ಕೂತು ತಾಯಿ ನೀರುನಾಯಿಯೊಂದು ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು ಅರ್ಧ ಗಂಟೆ ನೆಕ್ಕಿದ್ದನ್ನು ನೋಡಿದ್ದರು. ಅಳಿಯಂದಿರಿಗೆ ಹೇಳಿ, ಒಂದೇ ದಿನದಲ್ಲಿ ಎಲ್ಲ ಮುಗಿಸುವ ಪಟ್ಟಿ ಬೇಡ. ಎರಡು ಜಾಗ ಸಾಕು.

ಸೆಪ್ಟೆಂಬರ್, ಅಕ್ಟೋಬರ್ ನಿಮಗೆ ಸರಿಯಾದ ಕಾಲ, ಆಗ ಮಂಜು ಕಡಿಮೆ. ಜೂನ್, ಜುಲೈಯಲ್ಲಿ ಸನಿವೇಲ್‌ನಲ್ಲಿ ಸುಡುಬಿಸಿಲಿದ್ದರೂ ಅಲ್ಲಿ ಮಧ್ಯಾಹ್ನದವರೆಗೆ ಬೂದು ಮಂಜು ಕೂತಿರುತ್ತದೆ. ಯಾವ ತಿಂಗಳಾದರೂ ಸ್ವೆಟರು, ಕಿವಿ ಮುಚ್ಚುವ ಟೋಪಿ ಇರಲಿ. ಸೀರೆ ಉಟ್ಟರೂ ಅಡ್ಡಿಯಿಲ್ಲ, ನಾನು ಉಟ್ಟೇ ನಡೆದಿದ್ದೇನೆ, ಕಾಲಿಗೆ ಮಾತ್ರ ಹಿಡಿತವಿರುವ ಶೂ ಬೇಕು. ಬಾಗಿಲು ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಸನಿವೇಲ್‌ನಿಂದ ಎರಡು ಗಂಟೆ ದಾರಿ ಅಂದುಕೊಂಡು ಆರೂವರೆಗೇ ಹೊರಡಿ. ಒಳಗೆ ಕಾರಿಗೆ ಜಾಗ ಕಡಿಮೆ. ಶನಿವಾರ ಭಾನುವಾರ ತಡವಾಗಿ ಹೋದರೆ ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿ ನಡೆಯಬೇಕಾಗುತ್ತದೆ, ಆ ನಡಿಗೆ ನಿಮ್ಮ ಮಂಡಿಗೆ ಬೇಡ. ನಾನು ಕಳೆದ ಸಲ ಹೋದಾಗ ಕಾರೊಂದಕ್ಕೆ 10 ಡಾಲರ್ ಇತ್ತು.

ಪ್ರಶ್ನೆ: ನಮಗೆ 6 ಮತ್ತು 9 ವರ್ಷದ ಇಬ್ಬರು ಮಕ್ಕಳು. ಇಬ್ಬರೂ ಈಜು ಕಲಿತಿದ್ದಾರೆ. ಚಿತ್ರದಲ್ಲಿ ನೋಡಿದರೆ ಚೈನಾ ಕೋವ್‌ನ ನೀರು ಪಚ್ಚೆಯ ಹಾಗೆ ತಿಳಿಯಾಗಿದೆ. ಅಲ್ಲಿ ಆಡಲು ಬಿಡಬಹುದೇ? — ಫ್ರೀಮಾಂಟ್‌ನ ಓದುಗರು

ಬೇಡ. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಬೇಸರಿಸಬೇಡಿ.

ಆ ನೀರಿನ ಬಣ್ಣ ನೋಡಿ ಮೋಸ ಹೋಗಬಾರದು. ನಮ್ಮ ಅರಬ್ಬಿ ಸಮುದ್ರದ ಮೇಲ್ಮೈ ನೀರು ಸಾಮಾನ್ಯವಾಗಿ 27, 28 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಲ್ಲಿ ವರ್ಷವಿಡೀ 10ರಿಂದ 15ರ ಆಸುಪಾಸು. ಆ ಚಳಿಗೆ ಈಜು ಬಲ್ಲವರ ಕೈಕಾಲೂ ಬೇಗ ಸೋಲುತ್ತವೆ, ಮೊದಲ ನಿಮಿಷದಲ್ಲೇ ಉಸಿರು ಕಟ್ಟಿದ ಹಾಗಾಗುತ್ತದೆ. ಚೈನಾ ಕೋವ್ ಸೀಲ್‌ಗಳು ಮರಿ ಹಾಕುವ ಜಾಗವೂ ಹೌದು, ವಸಂತದಲ್ಲಿ ಅಲ್ಲಿಗೆ ಇಳಿಯಲು ಬಿಡುವುದೇ ಇಲ್ಲ. ಇನ್ನು ಪಕ್ಕದಲ್ಲೇ ಕಾರ್ಮೆಲ್ ಕಣಿವೆ ಎಂಬ ಆಳ ಕಮರಿ ನೀರಿನಡಿಯಲ್ಲಿ ದಂಡೆಯ ಹತ್ತಿರದವರೆಗೂ ಬಂದಿದೆ. ಹಾಗಾಗಿ ನಮ್ಮಲ್ಲಿ ದೂರದಲ್ಲೇ ಮುರಿದು, ನೊರೆಯಾಗಿ, ಸುಸ್ತಾಗಿ ಪಾದಕ್ಕೆ ಬರುವ ಅಲೆ ಇಲ್ಲಿ ತನ್ನ ಪೂರ್ಣ ತೂಕದೊಂದಿಗೇ ದಂಡೆಗೆ ಬೀಳುತ್ತದೆ. ಉತ್ತರಕ್ಕೆ ಹೆದ್ದಾರಿಯ ಪಕ್ಕದಲ್ಲಿರುವ ಮೊನಾಸ್ಟರಿ ಬೀಚ್ ಕಂಡರೆ ಇನ್ನೂ ಎಚ್ಚರ ಬೇಕು. ನೋಡಲು ಸುಂದರ, ಆದರೆ ದಪ್ಪ ಮರಳಿನ ಇಳಿಜಾರು ಕಾಲಡಿಯಲ್ಲೇ ಕುಸಿಯುತ್ತದೆ. ಅಲ್ಲಿಯ ಎಚ್ಚರಿಕೆಯ ಫಲಕವನ್ನು ಮಕ್ಕಳಿಂದಲೇ ಓದಿಸಿ.

ನನಗೂ ಇದು ಕೇಳಿ ತಿಳಿದದ್ದಲ್ಲ. ಮೊದಲ ಸಲ ಹೋದಾಗ ನಾನು ಕಡಲೂರಿನವಳು, ಕಡಲು ಗೊತ್ತು ಅನ್ನುವ ಧೈರ್ಯ ನನಗಿತ್ತು. ಅಂದು ಕಡಲು ಶಾಂತವಾಗಿತ್ತು. ಅಳಿಯ ಒಣಗಿದ ಬಂಡೆಯೊಂದರ ತುದಿಯಲ್ಲಿ ನಿಂತು, ನೀರಿಗೆ ಬೆನ್ನು ಮಾಡಿ, ನಮ್ಮೆಲ್ಲರ ಫೋಟೋ ತೆಗೆಯುತ್ತಿದ್ದರು. ಹತ್ತು ನಿಮಿಷದಿಂದ ಒಂದು ಹನಿಯೂ ಆ ಬಂಡೆಗೆ ಸಿಡಿದಿರಲಿಲ್ಲ. ಒಂದು ಅಲೆ, ಒಂದೇ ಅಲೆ, ಸದ್ದಿಲ್ಲದೆ ಏರಿ ಬಂದು ಅವರ ಸೊಂಟದವರೆಗೆ ಮುಚ್ಚಿತು. ಬಿದ್ದರು. ಬಂಡೆಯ ಸಂದಿಗೆ ಕೈ ಸಿಕ್ಕಿತು, ಉಳಿದರು. ಮೊಣಕೈ ತರಚಿತು, ಫೋನು ಹೋಯಿತು. ಐದು ವರ್ಷದ ಮೊಮ್ಮಗ ಎರಡು ನಿಮಿಷದ ಹಿಂದೆ ಅದೇ ಬಂಡೆಯ ಮೇಲೆ ಅವರ ಕಾಲು ಹಿಡಿದುಕೊಂಡು ನಿಂತಿದ್ದ. ಅದನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಇಂಥ ಅಲೆಗೆ ಅಲ್ಲಿಯವರು ಸ್ನೀಕರ್ ವೇವ್ ಅನ್ನುತ್ತಾರೆ, ಕಳ್ಳ ಅಲೆ. ದೂರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆಗಳು ಒಂದರ ಮೇಲೊಂದು ಕೂಡಿದಾಗ ಹೀಗೆ ಒಮ್ಮೆಲೇ ದೊಡ್ಡದು ಬರುತ್ತದೆ. ಕಡಲಿಗೆ ಬೆನ್ನು ಹಾಕಬೇಡ ಎಂದು ನಮ್ಮ ಅಜ್ಜಿ ಕಲ್ವ ಎಂಬ ಚಿಪ್ಪುಮೀನು ಕೀಳಲು ಬಂಡೆಗೆ ಹೋಗುವಾಗೆಲ್ಲ ಹೇಳುತ್ತಿದ್ದಳು. ಅಳಿಯನಿಗೆ ಅದನ್ನು ಹೇಳಿಕೊಡಬೇಕಾದವಳು ನಾನು, ಹೇಳಿರಲಿಲ್ಲ.

ಆದ್ದರಿಂದ ಮಕ್ಕಳನ್ನು ಕರೆದುಕೊಂಡು ಹೋಗಿ, ಆದರೆ ತಂತಿ ಕಟ್ಟಿದ ದಾರಿಯ ಒಳಗೇ ಇರಿ. ಬಂಡೆ ಒದ್ದೆಯಾಗಿದ್ದರೆ ಅಲ್ಲಿಯವರೆಗೆ ಅಲೆ ಬಂದಿದೆ ಎಂದೇ ಅರ್ಥ, ಒಣಗಿದ್ದರೆ ಬರುವುದಿಲ್ಲ ಎಂದು ಅರ್ಥವಲ್ಲ. ಇಳಿತದ ಹೊತ್ತಿನಲ್ಲಿ ವೆಸ್ಟನ್ ಬೀಚಿನ ಕಲ್ಲುಗುಂಡಿಗಳಲ್ಲಿ ನಕ್ಷತ್ರಮೀನು, ಏಡಿ, ಹೂವಿನ ಹಾಗೆ ಅರಳುವ ಕಡಲಹೂವು ಸಿಗುತ್ತವೆ. ಒಬ್ಬ ದೊಡ್ಡವರು ನೋಡುವುದನ್ನು ಬಿಟ್ಟು ಅಲೆಯನ್ನೇ ಕಾಯುತ್ತ ನಿಲ್ಲಬೇಕು. ಮರಳಲ್ಲಿ ಆಡಲೇಬೇಕೆಂದರೆ ಪೆಸಿಫಿಕ್ ಗ್ರೋವ್ ಊರಿನ ಲವರ್ಸ್ ಪಾಯಿಂಟ್ ಇದಕ್ಕಿಂತ ಮರೆಯಾದ ಜಾಗ.

ಪ್ರಶ್ನೆ: ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ ಬಂಡೆ ಮೇಲೆ ಕೂತು ತಿನ್ನಬಹುದೇ? ನಾಯಿಯನ್ನು ಕರೆದೊಯ್ಯಬಹುದೇ? — ಸ್ಯಾನ್ ರಮೋನ್‌ನ ಓದುಗರು

ಕಟ್ಟಿಕೊಂಡು ಹೋಗಿ, ಒಳಗೆ ತಿಂಡಿ ಮಾರುವುದಿಲ್ಲ. ಆದರೆ ತಿನ್ನುವುದು ಪೈನಿ ವುಡ್ಸ್, ವೇಲರ್ಸ್ ಕೋವ್, ಬರ್ಡ್ ಐಲೆಂಡ್ ಈ ಮೂರು ಕಡೆಯ ಮೇಜುಗಳಲ್ಲಿ ಮಾತ್ರ. ಅಳಿಲು ಬಂದು ಎರಡು ಕಾಲಲ್ಲಿ ನಿಂತು ಬೇಡುತ್ತದೆ, ಒಂದು ಅಗುಳೂ ಹಾಕಬೇಡಿ. ನಾಯಿಗೆ ಪ್ರವೇಶವಿಲ್ಲ, ಕಾರಿನೊಳಗೇ ಬಿಟ್ಟರೂ ಇಲ್ಲ. ಡ್ರೋನ್ ಹಾರಿಸುವಂತಿಲ್ಲ.

ಪ್ರಶ್ನೆ: ಸೀಲ್, ಸೀ ಲಯನ್, ಸೀ ಆಟರ್ ಎಲ್ಲ ಒಂದೇ ಥರ ಕಾಣುತ್ತವೆ. ದೂರದಿಂದ ಗುರುತಿಸುವುದು ಹೇಗೆ? ತಿಮಿಂಗಿಲ ಕಾಣುತ್ತದೆಯೇ? — ಮೈಸೂರಿನ ಓದುಗರು

ಮೊದಲು ಕಿವಿಯಿಂದ ಗುರುತಿಸಿ. ಕಾರಿನಿಂದ ಇಳಿದ ತಕ್ಷಣ ಬೊಗಳಿದ ಹಾಗೆ ಕೇಳಿಸುವುದು ಸೀ ಲಯನ್, ಕಡಲಸಿಂಹ. ಸ್ಪ್ಯಾನಿಷರು ಈ ಸದ್ದಿಗೇ ಜಾಗವನ್ನು ಕಡಲ ತೋಳಗಳ ಭೂಶಿರ ಎಂದು ಕರೆದರು, ಲೋಬೋಸ್ ಅಂದರೆ ತೋಳಗಳು. ಕಡಲಸಿಂಹಕ್ಕೆ ಪುಟ್ಟ ಹೊರಗಿವಿ ಇದೆ, ಮುಂದಿನ ರೆಕ್ಕೆಗಾಲು ಊರಿ ಎದ್ದು ನಡೆಯುತ್ತದೆ. ಹಾರ್ಬರ್ ಸೀಲ್ ಸಾಧು, ಸದ್ದು ಮಾಡುವುದಿಲ್ಲ, ಚುಕ್ಕೆ ಚುಕ್ಕೆ ಮೈ. ಬಂಡೆಯ ಮೇಲೆ ತಲೆ, ಬಾಲ ಎರಡನ್ನೂ ಎತ್ತಿಕೊಂಡು ಬಾಳೆಹಣ್ಣಿನ ಆಕಾರದಲ್ಲಿ ಬಿದ್ದುಕೊಂಡಿರುತ್ತದೆ, ನಡೆಯಲಾರದೆ ಹೊಟ್ಟೆಯಲ್ಲೇ ತೆವಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಮರಿಗಳಿರುತ್ತವೆ. ಬೇಸಿಗೆ ನಡುವೆ ಕಡಲಸಿಂಹಗಳು ಮರಿ ಹಾಕಲು ದಕ್ಷಿಣದ ದ್ವೀಪಗಳಿಗೆ ಹೋಗುವುದರಿಂದ ಬೊಗಳುವ ಸದ್ದು ಕಡಿಮೆ.

ಕಡಲ ನೀರುನಾಯಿ ಹೆಚ್ಚಾಗಿ ನೀರಲ್ಲೇ ಇರುತ್ತದೆ, ಅಂಗಾತ ಮಲಗಿ ತೇಲುತ್ತದೆ. ಕೆಲ್ಪ್ ಎಂಬ ಉದ್ದುದ್ದ ಕಡಲಕಳೆಯನ್ನು ಮೈಗೆ ಸುತ್ತಿಕೊಂಡು ನಿದ್ದೆ ಮಾಡುತ್ತದೆ, ಅಲೆ ಒಯ್ಯಬಾರದಲ್ಲ. ಹೊಟ್ಟೆಯ ಮೇಲೆ ಕಲ್ಲಿಟ್ಟು ಚಿಪ್ಪು ಕುಟ್ಟುವ ಟಕ್ ಟಕ್ ಸದ್ದು ದಂಡೆಗೂ ಕೇಳುತ್ತದೆ. ಸೀಲ್‌ಗಿರುವಂಥ ಕೊಬ್ಬಿನ ಪದರ ಅದಕ್ಕಿಲ್ಲ. ಒಂದು ಚದರ ಇಂಚಿಗೆ ಹತ್ತು ಲಕ್ಷದವರೆಗೂ ಕೂದಲಿರುವ ದಟ್ಟ ತುಪ್ಪಳವೇ ಅದರ ಕಂಬಳಿ. ಆ ತುಪ್ಪಳಕ್ಕಾಗಿಯೇ ಜನ ಅದನ್ನು ಕೊಂದರು. ಕ್ಯಾಲಿಫೋರ್ನಿಯಾದಲ್ಲಿ ಅದು ಅಳಿದೇ ಹೋಯಿತು ಅಂದುಕೊಂಡಿದ್ದಾಗ 1938ರಲ್ಲಿ, ಇಲ್ಲಿಂದ ದಕ್ಷಿಣಕ್ಕೆ ಬಿಕ್ಸ್‌ಬಿ ತೊರೆಯ ಹತ್ತಿರ, ಒಂದು ಪುಟ್ಟ ಗುಂಪು ಕಣ್ಣಿಗೆ ಬಿತ್ತು. ನೀವು ನೋಡುವುದು ಆ ಉಳಿದವುಗಳ ಸಂತಾನ.

ತಿಮಿಂಗಿಲಕ್ಕೆ ಡಿಸೆಂಬರ್ ಕೊನೆಯಿಂದ ಮೇವರೆಗೆ ಕಾಯಿರಿ. ಬೂದು ತಿಮಿಂಗಿಲಗಳು ಮೆಕ್ಸಿಕೋದ ಬೆಚ್ಚನೆ ಕೊಲ್ಲಿಗಳಿಗೆ ಹೋಗಿ ಮರಿ ಹಾಕಿ ಅಲಾಸ್ಕಾ ಕಡೆಗೆ ಮರಳುವ ದಾರಿ ಇದು. ತಾಯಿ ಮರಿಗಳು ಏಪ್ರಿಲ್ ಹೊತ್ತಿಗೆ ದಂಡೆಯ ಪಕ್ಕದಲ್ಲೇ ಸಾಗುತ್ತವೆ. ಬಾಲ ಹುಡುಕಬೇಡಿ, ಹಬೆಯಂಥ ಉಸಿರಿನ ಕಾರಂಜಿ ಹುಡುಕಿ. ಸೀ ಲಯನ್ ಪಾಯಿಂಟ್ ಹತ್ತಿರ ಸ್ವಯಂಸೇವಕರು ಎಷ್ಟೋ ದಿನ ದೂರದರ್ಶಕ ಇಟ್ಟುಕೊಂಡು ನಿಂತಿರುತ್ತಾರೆ. ಸಂಕೋಚ ಬೇಡ, ಕೇಳಿದರೆ ಮಕ್ಕಳಿಗೆ ಹೇಳಿದಷ್ಟೇ ತಾಳ್ಮೆಯಿಂದ ನಮಗೂ ಹೇಳುತ್ತಾರೆ.

ಪ್ರಶ್ನೆ: ಅಲ್ಲಿ ಮರಗಳ ಕೊಂಬೆಯ ಮೇಲೆ ಕಿತ್ತಳೆ ಬಣ್ಣದ ವೆಲ್ವೆಟ್ ಅಂಟಿಸಿದ ಹಾಗೆ ಇರುವ ಫೋಟೋ ಮಗ ಕಳಿಸಿದ್ದಾನೆ. ಅದು ರೋಗವೇ? — ಶಿರಸಿಯ ಓದುಗರು

ಇಂಥ ಪ್ರಶ್ನೆ ಬಂದರೆ ನನಗೆ ತರಗತಿಗೆ ಮರಳಿದ ಸಂತೋಷ. ರೋಗವಲ್ಲ. ಅದು ಟ್ರೆಂಟೆಪೋಲಿಯ ಎಂಬ ಪಾಚಿ. ಜಾತಿಯಲ್ಲಿ ಹಸಿರು ಪಾಚಿಯೇ, ಕ್ಯಾರಟ್ಟಿನ ಬಣ್ಣಕ್ಕೆ ಕಾರಣವಾದ ಕ್ಯಾರೋಟಿನ್ ತುಂಬಿಕೊಂಡು ಹಸಿರನ್ನು ಮುಚ್ಚಿಬಿಡುತ್ತದೆ. ಮರದಿಂದ ಏನನ್ನೂ ಹೀರುವುದಿಲ್ಲ, ಕೂರಲು ಜಾಗ ಬೇಕಷ್ಟೆ. ಕಡಲ ಮಂಜು ಅದಕ್ಕೆ ನೀರು. ಈ ಕುಲ ನಮಗೆ ಹೊಸದಲ್ಲ, ನಿಮ್ಮ ಕಡೆಯ ತೇವದ ಕಾಂಡಗಳಲ್ಲೂ ಹಳೆ ಗೋಡೆಗಳಲ್ಲೂ ಇದರ ಬಂಧುಗಳಿವೆ. 2001ರಲ್ಲಿ ಕೇರಳದಲ್ಲಿ ಸುರಿದ ಕೆಂಪು ಮಳೆಯ ಬಣ್ಣಕ್ಕೂ ಈ ಕುಲದ ಪಾಚಿಯ ಬೀಜಕಣಗಳೇ ಕಾರಣ ಎಂದು ಪರೀಕ್ಷಿಸಿದ ತಜ್ಞರು ವರದಿ ಕೊಟ್ಟಿದ್ದರು.

ಪಾಚಿ ಕೂತಿರುವ ಆ ಮರವನ್ನು ಇನ್ನೊಮ್ಮೆ ನೋಡಿ ಎಂದು ಮಗನಿಗೆ ಹೇಳಿ. ಅದು ಮಾಂಟೆರೇ ಸೈಪ್ರೆಸ್. ಜಗತ್ತಿನ ಎಷ್ಟೋ ಉದ್ಯಾನಗಳಲ್ಲಿ ಅದನ್ನು ನೆಟ್ಟಿದ್ದಾರೆ, ಆದರೆ ತಾನಾಗಿಯೇ ಹುಟ್ಟಿ ಬೆಳೆಯುವುದು ಭೂಮಿಯ ಮೇಲೆ ಎರಡೇ ತೋಪುಗಳಲ್ಲಿ: ಇಲ್ಲಿ ಒಂದು, ಕಾರ್ಮೆಲ್ ಕೊಲ್ಲಿಯ ಆಚೆ ಪೆಬಲ್ ಬೀಚ್ ಬಳಿಯ ಸೈಪ್ರೆಸ್ ಪಾಯಿಂಟ್‌ನಲ್ಲಿ ಇನ್ನೊಂದು. ನಮ್ಮ ದಂಡೆಯ ಗಾಳಿಮರ ಗಾಳಿಗೆ ತಲೆ ಬಾಗಿಸಿ ಮತ್ತೆ ಎದ್ದು ನಿಲ್ಲುತ್ತದೆ. ಈ ಮರ ಬಾಗಿದ್ದು ಬಾಗಿದ ಹಾಗೆಯೇ ಮುಪ್ಪಾಗುತ್ತದೆ. ಬರಿ ಕಲ್ಲಿನ ಬಿರುಕಿಗೆ ಬೇರು ತುರುಕಿ ನಿಂತಿರುವುದನ್ನು ನೋಡಲೆಂದೇ ನಾನು ಪ್ರತಿ ಸಲ ಆ ಸುತ್ತು ಹೋಗುವುದು.

ಪ್ರಶ್ನೆ: ಪಾಯ್ಸನ್ ಓಕ್ ತಾಗಿದರೆ ಮೈ ಸುಡುತ್ತದಂತೆ, ನಿಜವೇ? — ಸ್ಯಾನ್ ಹೋಸೆಯ ಓದುಗರು

ನಿಜ. ಮೂರು ಮೂರು ಎಲೆ ಒಟ್ಟಿಗಿರುವ ಪೊದೆ, ಎಳೆಯದರಲ್ಲಿ ಹೊಳಪು, ಬೇಸಿಗೆ ಕೊನೆಗೆ ಕೆಂಪು. ಮಾವು, ಗೇರಿನ ಕುಟುಂಬದ್ದೇ ಗಿಡ. ಮಾವಿನ ಸೊನೆ ತುಟಿಗೆ ತಾಗಿ ಹುಣ್ಣಾದವರಿಗೆ, ಹಸಿ ಗೇರುಬೀಜ ಸುಟ್ಟು ಕೈ ಸುಲಿದವರಿಗೆ ಬೇರೆ ವಿವರಣೆ ಬೇಡ. ದಾರಿಯ ನಡುವೆಯೇ ನಡೆದರೆ ತಾಗುವುದಿಲ್ಲ. ತಾಗಿತು ಅನ್ನಿಸಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನೂ ಒಗೆಯಿರಿ. ಬೊಬ್ಬೆ ಎದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಗೋಕರ್ಣದಿಂದ ಕುಮಟಾವರೆಗಿನ ನಮ್ಮ ಗುಡ್ಡ, ಬಂಡೆ, ಕಡಲು ಇದಕ್ಕೆ ಏನು ಕಡಿಮೆ? ನಮ್ಮೂರಿನವರೇ ಆಗಿ ನೀವು ಅಮೆರಿಕದ ಬಂಡೆಯನ್ನು ಹೊಗಳುವುದೇ? — ಕುಮಟಾದ ಓದುಗರು

ನಿಮ್ಮ ಕೋಪ ನನಗೆ ಇಷ್ಟವಾಯಿತು. ಏನೂ ಕಡಿಮೆಯಿಲ್ಲ. ಓಂ ಬೀಚಿನಿಂದ ಹಾಫ್ ಮೂನ್‌ಗೆ ಗುಡ್ಡ ದಾಟುವ ದಾರಿ, ತದಡಿಯಲ್ಲಿ ಅಘನಾಶಿನಿ ಕಡಲು ಸೇರುವ ಅಗಲ, ಅಲ್ಲಿನ ಬೆಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು, ಇವನ್ನು ನೋಡಿಯೇ ನಾನು ಬೆಳೆದದ್ದು. ಕಡಲಿನ ಲೆಕ್ಕದಲ್ಲೂ ಸಂಬಂಧವಿದೆ. ಮಳೆಗಾಲದಲ್ಲಿ ನಮ್ಮ ದಂಡೆಯಲ್ಲಿ ಆಳದ ತಣ್ಣೀರು ಸತ್ವವನ್ನು ಹೊತ್ತು ಮೇಲೇಳುತ್ತದೆ, ಆಮೇಲೆ ತಾರ್ಲೆ ಮೀನಿನ ಸುಗ್ಗಿ. ಅಲ್ಲಿಯೂ ವಸಂತ, ಬೇಸಿಗೆಯ ಗಾಳಿಗೆ ಹಾಗೆಯೇ ತಣ್ಣೀರು ಏಳುತ್ತದೆ. ಪಕ್ಕದ ಮಾಂಟೆರೇ ಊರು ಒಂದು ಕಾಲಕ್ಕೆ ತಾರ್ಲೆಯ ಬಂಧುವಾದ ಸಾರ್ಡೀನನ್ನು ಡಬ್ಬಿಗೆ ತುಂಬಿಯೇ ಬದುಕಿತ್ತು. ಬಾಚಿ ಬಾಚಿ ಹಿಡಿದರು, ಕಡಲಿನ ಹವೆಯೂ ತಿರುಗಿತು, ಮೀನು ಹೋಯಿತು, ಕಾರ್ಖಾನೆಗಳು ಮುಚ್ಚಿದವು.

ನಾನು ಹೊಗಳಿದ್ದು ಬಂಡೆಯನ್ನಲ್ಲ, ಅದನ್ನು ಉಳಿಸಿಕೊಂಡದ್ದನ್ನು. ಪಾಯಿಂಟ್ ಲೋಬೋಸ್ ಮೊದಲಿನಿಂದ ಕಾಡಾಗಿಯೇ ಇದ್ದ ಜಾಗವಲ್ಲ. ಅಲ್ಲಿ ಚೀನೀ ಮೀನುಗಾರರ ಗುಡಿಸಲಿದ್ದವು. 1850ರ ದಶಕದಲ್ಲಿ ಅವರು ಕಟ್ಟಿದ ಒಂದು ಮರದ ಮನೆ ವೇಲರ್ಸ್ ಕೋವ್‌ನಲ್ಲಿ ಇನ್ನೂ ನಿಂತಿದೆ, ನೆಲದಡಿಗೆ ತಿಮಿಂಗಿಲದ ಬೆನ್ನುಮೂಳೆಯ ತುಂಡುಗಳನ್ನು ಕೊಟ್ಟಿದ್ದಾರೆ. ಆಮೇಲೆ ಪೋರ್ಚುಗೀಸರ ತಿಮಿಂಗಿಲ ಬೇಟೆ, ಕಲ್ಲುಗಣಿ, ಜಪಾನೀಯರ ಅಬಲೋನಿ ಚಿಪ್ಪುಮೀನಿನ ಕಾರ್ಖಾನೆ. 1890ರ ಹೊತ್ತಿಗೆ ಇಡೀ ಜಾಗವನ್ನು ಸೈಟು ಸೈಟಾಗಿ ಕತ್ತರಿಸಿ ಮಾರಲು ಹೊರಟಿದ್ದರು. ಅಲೆಕ್ಸಾಂಡರ್ ಅಲನ್ ಎಂಬಾತ 1898ರಲ್ಲಿ ಇಲ್ಲಿ ಭೂಮಿ ಕೊಂಡು, ಆಗಲೇ ಮಾರಾಟವಾಗಿದ್ದ ಸೈಟುಗಳನ್ನೂ ಒಂದೊಂದಾಗಿ ಮರಳಿ ಕೊಳ್ಳುತ್ತ ಬಂದ. 1933ರಲ್ಲಿ ಜಾಗ ರಾಜ್ಯದ ಕೈಗೆ ಬಂತು, ಸೈಪ್ರೆಸ್ ತೋಪನ್ನು ಅಲನ್ ಕುಟುಂಬ ದಾನವಾಗಿಯೇ ಕೊಟ್ಟಿತು. 1960ರಲ್ಲಿ ಸುತ್ತಲ ನೀರಿನಡಿಯ ಜಾಗವನ್ನೂ ರಕ್ಷಿಸಿದರು, ಅಮೆರಿಕದಲ್ಲಿ ಇಂಥ ಮೊದಮೊದಲ ಜಾಗಗಳಲ್ಲಿ ಅದೂ ಒಂದು. ನಮ್ಮ ಗುಡ್ಡಗಳ ಮೇಲೆ ಬಾಟಲಿ ಚೂರು ಹೆಕ್ಕುತ್ತ ನಡೆದಾಗ ನನಗೆ ಆ ಸೈಟುಗಳ ಕತೆ ನೆನಪಾಗುತ್ತದೆ. ನಮ್ಮ ಗುಡ್ಡದ ಮೇಲೂ ಗುರುತು ಹಾಕಿದ ಒಂದು ದಾರಿ, ಅದರಾಚೆ ಕಾಲಿಡದ ಜನ, ಬಂದವರಿಗೆ ಹಕ್ಕಿ ತೋರಿಸುವ ಊರಿನ ಹುಡುಗರು ಬೇಕು. ನೀವು ಶುರು ಮಾಡಿದರೆ ಒಂದು ವಾರದ ಕೆಲಸಕ್ಕೆ ನಾನೂ ಬರುತ್ತೇನೆ, ಕಾಗದ ಬರೆಯಿರಿ.

ಪ್ರಶ್ನೆ: ಅಕ್ಕ, ನನ್ನ ಯಜಮಾನರು ಹೋಗಿ ಎರಡು ವರ್ಷವಾಯಿತು. ಮಗನ ಮನೆಗೆ ಬಂದಾಗಲೆಲ್ಲ ಇಬ್ಬರೂ ಅಲ್ಲಿ ಕೂರುತ್ತಿದ್ದೆವು. ಜನವರಿಯಲ್ಲಿ ಒಬ್ಬಳೇ ಬರುತ್ತಿದ್ದೇನೆ. ಹೂವು, ತೆಂಗಿನಕಾಯಿ ನೀರಿಗೆ ಬಿಡಬಹುದೇ? ಅವರ ನೆನಪಿಗೆ ಒಂದು ಕಲ್ಲು ತಂದುಕೊಳ್ಳಬಹುದೇ? — ದಾವಣಗೆರೆಯ ಓದುಗರು

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎರಡಕ್ಕೂ ಅಲ್ಲಿ ಅವಕಾಶವಿಲ್ಲ ತಂಗಿ. ಏನನ್ನೂ ಬಿಡುವಂತಿಲ್ಲ, ಬೆಣಚುಕಲ್ಲೊಂದನ್ನೂ ತರುವಂತಿಲ್ಲ. ನನ್ನ ಮೊಮ್ಮಗ ವೆಸ್ಟನ್ ಬೀಚಿನಲ್ಲಿ ಜೇಬು ತುಂಬಿಕೊಂಡ ಬಣ್ಣದ ಕಲ್ಲುಗಳನ್ನು ಅಲ್ಲಿಯ ಸ್ವಯಂಸೇವಕಿ ಒಬ್ಬರು ಅವನ ಪಕ್ಕ ಮಂಡಿಯೂರಿ ಕೂತು, ಒಂದೊಂದನ್ನೂ ಅದರದರ ಜಾಗದಲ್ಲಿ ಇಡಿಸಿದರು. ಆ ಕಲ್ಲುಗಳು ಸುಮಾರು ಆರು ಕೋಟಿ ವರ್ಷದ ಹಿಂದೆ ಕಡಲಡಿಯ ಕಮರಿಯಲ್ಲಿ ಕೂಡಿಕೊಂಡವು ಎಂದು ಅವನಿಗೆ ಹೇಳಿದ್ದೂ ಅವರೇ.

ಬರಿಗೈಯಲ್ಲಿ ಹೋಗಿ. ನೀವಿಬ್ಬರೂ ಕೂರುತ್ತಿದ್ದ ಕಡೆಯೇ ಕೂರಿ, ದಾರಿಯ ಒಳಗೆ, ಕಡಲಿಗೆ ಮುಖ ಮಾಡಿ. ಜನವರಿಯಲ್ಲಿ ಬೂದು ತಿಮಿಂಗಿಲಗಳು ದಕ್ಷಿಣಕ್ಕೆ ಹೋಗುತ್ತಿರುತ್ತವೆ, ಬೆಳಗಿನ ಹೊತ್ತು ಗಾಳಿ ಕಡಿಮೆಯಿದ್ದಾಗ ಅವುಗಳ ಉಸಿರು ಸ್ಪಷ್ಟ ಕಾಣುತ್ತದೆ. ಮಗನಿಗೆ ರಜೆ ಹಾಕಿಸಿ ವಾರದ ನಡುವಿನ ದಿನ ಹೋಗಿ, ಜನ ಕಡಿಮೆ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಕಾರಲ್ಲಿರಲಿ. ಮೊಬೈಲ್ ಅಲ್ಲಿ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಎಷ್ಟು ಹೊತ್ತಿಗೆ ಎಲ್ಲಿ ಸೇರುವುದು ಎಂದು ಮಗನ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಸಂಜೆ ಐದು ದಾಟಿದರೆ ಸೂರ್ಯ ಇಳಿದುಬಿಡುತ್ತಾನೆ.